ಬೇಲಿ ಹಾಕುವ ಮುನ್ನ ನೆರೆಯವರನ್ನು ಕರೆಯಿರಿ
(ಬೆಂಗಳೂರಿನ ಹೊರವಲಯದಿಂದ ತೋಟಗಾರರು ಕಲಿಯಬೇಕಾದ ಪಾಠ)

ಕಾಫಿ ಕೊಯ್ಲು ಮುಗಿದು, ಅಡಿಕೆ ಒಣಗಿ ಗೋದಾಮು ಸೇರಿದ ಮೇಲೆ ನಮ್ಮ ತೋಟಗಳಲ್ಲಿ ಬೇಲಿಯ ಕೆಲಸ ಆರಂಭವಾಗುತ್ತದೆ. ಮುರಿದ ಕಂಬ ಬದಲಾಯಿಸುವುದು, ಸಡಿಲಗೊಂಡ ತಂತಿ ಬಿಗಿಯುವುದು, ಮುಚ್ಚಿಹೋದ ಅಗಳು ತೆಗೆಸುವುದು ಎಲ್ಲವೂ ಈ ಎರಡು ಮೂರು ತಿಂಗಳಲ್ಲೇ ಆಗಬೇಕು. ಬೇಲಿಯ ಕೆಲಸದ ಜೊತೆಗೆ ಬೇಲಿಯ ಜಗಳವೂ ಇದೇ ಕಾಲದಲ್ಲಿ ಹುಟ್ಟುತ್ತದೆ ಎಂಬುದು ಸದಸ್ಯ ಬಾಂಧವರಿಗೆ ತಿಳಿಯದ ವಿಷಯವಲ್ಲ. ತಾಲ್ಲೂಕು ಕಚೇರಿಯಲ್ಲಿ ಹದ್ದುಬಸ್ತಿನ ಅರ್ಜಿ ಹಿಡಿದು ನಿಂತವರಲ್ಲಿ ನಮ್ಮವರು ಹಲವರಿರುತ್ತಾರೆ.

ಈ ವಿಷಯ ಬರೆಯುವಾಗ ಮಲೆನಾಡನ್ನು ಬಿಟ್ಟು ಬೆಂಗಳೂರಿನ ಮಾತೇಕೆ ಎಂದು ಕೆಲವರು ಕೇಳಬಹುದು. ನಮ್ಮಲ್ಲಿ ಅನೇಕರ ಮಕ್ಕಳು ಇಂದು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳಲ್ಲಿ ದುಡಿಯುತ್ತಿದ್ದಾರೆ. ಅವರು ಕೆಲಸ ಮಾಡುವ ಆ ಕಟ್ಟಡಗಳ ಅಡಿಯಲ್ಲಿರುವುದು ಒಂದು ಕಾಲದ ರಾಗಿ ಹೊಲ, ಗೋಮಾಳ, ಗುಂಡುತೋಪು, ಕೆರೆಯಂಗಳ. ಅಲ್ಲಿಯೂ ಬದು ಇತ್ತು, ಕತ್ತಾಳೆ ಬೇಲಿ ಇತ್ತು, ಬಂಡಿ ದಾರಿ ಇತ್ತು, ಹಳ್ಳ ಇತ್ತು. ಭೂಮಿಯ ಬೆಲೆ ಏರಿದಾಗ ಇವೆಲ್ಲ ಏನಾದವು ಎಂಬುದನ್ನು ನೋಡಿದರೆ, ನಾವು ನಮ್ಮ ತೋಟದ ಅಂಚಿನಲ್ಲಿ ಮಾಡುವ ಸಣ್ಣ ತಪ್ಪು ಮುಂದೆ ಎಷ್ಟು ದೊಡ್ಡದಾಗುತ್ತದೆಂದು ಅರ್ಥವಾಗುತ್ತದೆ. ತೋಟದ ಅಂಚುಗಳು ಹೋಂಸ್ಟೇ, ರೆಸಾರ್ಟ್, ಬಡಾವಣೆಗಳಾಗುತ್ತಿರುವ ಈ ದಿನಗಳಲ್ಲಿ ಆ ಪಾಠ ನಮಗೆ ದೂರದ್ದಲ್ಲ.

ವೈಟ್‌ಫೀಲ್ಡ್: ಹಳ್ಳಕ್ಕೆ ಬೇಲಿ ಹಾಕಿದರೆ

ವೈಟ್‌ಫೀಲ್ಡ್ ಮೂಲತಃ ಬೇಸಾಯಗಾರರ ವಸತಿ. 1882ರಲ್ಲಿ ಮೈಸೂರು ಮಹಾರಾಜರಾದ ಚಾಮರಾಜ ಒಡೆಯರು 3,900 ಎಕರೆ ಭೂಮಿಯನ್ನು ಮೈಸೂರು ಮತ್ತು ಕೊಡಗಿನ ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ನೀಡಿದರು. ಸಂಘದ ಸ್ಥಾಪಕರಾದ ಡೇವಿಡ್ ಇಮ್ಯಾನ್ಯುಯೆಲ್ ಸ್ಟಾರ್ಕನ್‌ಬರ್ಗ್ ವೈಟ್ ಅವರ ಹೆಸರೇ ಊರಿಗೆ ಬಂತು. ತುಂಡು ಭೂಮಿಯಲ್ಲಿ ಉತ್ತು ಬಿತ್ತು ಬದುಕುವುದು ಆ ವಸತಿಯ ಉದ್ದೇಶವಾಗಿತ್ತು. ನೂರು ವರ್ಷಕ್ಕೂ ಹೆಚ್ಚು ಕಾಲ ಅದು ಶಾಂತವಾದ ಹಳ್ಳಿಯಾಗಿಯೇ ಉಳಿಯಿತು. 1990ರ ದಶಕದಲ್ಲಿ ಸಾಫ್ಟ್‌ವೇರ್ ಪಾರ್ಕು ಬಂದ ಮೇಲೆ ಸುತ್ತಲಿನ ಊರುಗಳ ಚಹರೆಯೇ ಬದಲಾಯಿತು.

ಆ ಭಾಗದ ಕೆರೆಗಳು ಒಂದಕ್ಕೊಂದು ಪೋಣಿಸಿದ ಮಣಿಗಳಂತೆ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆ ಸೇರುತ್ತದೆ; ಬೆಳ್ಳಂದೂರಿನ ನೀರು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಊರಿನ ನಕ್ಷೆಗಳಲ್ಲಿ ಈ ಕಾಲುವೆಗಳನ್ನು ಸ್ಪಷ್ಟವಾಗಿ ಗುರುತಿಸಲಾಗಿತ್ತು. ಆದರೆ ಬೇಸಿಗೆಯಲ್ಲಿ ಒಣಗಿದ ಕಾಲುವೆ ಕಂಡವರಿಗೆ ಅದು ಖಾಲಿ ಜಾಗದಂತೆ ಕಂಡಿತು. ಒಬ್ಬರು ಅದರ ಮೇಲೆ ಕಾಂಪೌಂಡು ಕಟ್ಟಿದರು, ಇನ್ನೊಬ್ಬರು ಕಿರಿದುಗೊಳಿಸಿದರು, ಮತ್ತೊಬ್ಬರು ಪೈಪು ಹಾಕಿ ಮುಚ್ಚಿದರು. 2022ರ ಸೆಪ್ಟೆಂಬರ್ ಮೊದಲ ವಾರ ಮಳೆ ಸುರಿದಾಗ ನೀರು ತನ್ನ ಹಳೆಯ ದಾರಿ ಹುಡುಕಿಕೊಂಡು ಬಂತು. ಕೋಟಿ ಬೆಲೆಯ ಮನೆಗಳ ನಡುವೆ ದೋಣಿ ಓಡಿದವು. ಐ.ಟಿ. ಕಂಪನಿಗಳ ನೌಕರರು ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದರು. ಅದೇ ತಿಂಗಳು ಮಹದೇವಪುರ ಭಾಗದಲ್ಲಿ ರಾಜಕಾಲುವೆಯ ಮೇಲಿದ್ದ ಗೋಡೆ, ಕಟ್ಟಡಗಳನ್ನು ಜೆ.ಸಿ.ಬಿ. ಯಂತ್ರಗಳಿಂದ ಕೆಡವಲಾಯಿತು.

ಇದರಲ್ಲಿ ತೋಟಗಾರರು ಗಮನಿಸಬೇಕಾದ ಕಾನೂನು ಒಂದಿದೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 67ನೇ ಪ್ರಕರಣದಂತೆ ಸಾರ್ವಜನಿಕ ರಸ್ತೆ, ಓಣಿ, ಹಾದಿ, ನದಿ, ಹಳ್ಳ, ತೊರೆ, ಕೆರೆಗಳು ಬೇರೆಯವರ ಸ್ವತ್ತಲ್ಲದಿದ್ದಲ್ಲಿ ಸರ್ಕಾರದ ಸ್ವತ್ತು. ನಮ್ಮ ಪಹಣಿಯಲ್ಲಿ 'ಖರಾಬು' ಎಂಬ ಕಲಂ ಇರುತ್ತದೆ. ಅದರಲ್ಲಿ 'ಅ' ಖರಾಬು ಎಂದರೆ ಬಂಡೆ, ದಿಣ್ಣೆ ಮುಂತಾಗಿ ಸಾಗುವಳಿಗೆ ಬಾರದ ಜಾಗ. 'ಬ' ಖರಾಬು ಎಂದರೆ ದಾರಿ, ಹಳ್ಳ, ಸ್ಮಶಾನ ಮುಂತಾದ ಸಾರ್ವಜನಿಕ ಉಪಯೋಗದ ಜಾಗ. ಎರಡೂ ನಮ್ಮ ಸರ್ವೆ ನಂಬರಿನ ಒಳಗೇ ಇರಬಹುದು. ಆದರೆ 'ಬ' ಖರಾಬಿಗೆ ಬೇಲಿ ಹಾಕುವ ಹಕ್ಕು ನಮಗಿಲ್ಲ. ಅಡಿಕೆ ತೋಟದ ನಡುವೆ ಹರಿಯುವ ಹಳ್ಳದ ದಂಡೆಯನ್ನು ವರ್ಷಕ್ಕೆ ಒಂದಡಿಯಂತೆ ತುಂಬಿಸಿ ಒಂದು ಸಾಲು ಸಸಿ ಹೆಚ್ಚು ನೆಟ್ಟವರು ನಮ್ಮಲ್ಲೂ ಇದ್ದಾರೆ. ಆ ಹೆಚ್ಚಿನ ಸಾಲಿನ ಬೆಲೆಯನ್ನು ಕೆಳಗಿನ ತೋಟದವರು ಮಳೆಗಾಲದಲ್ಲಿ ತೆರುತ್ತಾರೆ.

ಮೇಲಿನ ಜಮೀನಿನ ಮಳೆ ನೀರು ಇಳಿಜಾರಿನಂತೆ ಕೆಳಗಿನ ಜಮೀನಿಗೆ ಹರಿಯಲು ಬಿಡಬೇಕೆಂಬುದೂ ಹಳೆಯ ನ್ಯಾಯ. 1882ರ ಈಸ್‌ಮೆಂಟ್ ಕಾಯಿದೆ ಇದನ್ನು ಭೂಮಾಲೀಕನ ಸಹಜ ಹಕ್ಕೆಂದು ಹೇಳಿದೆ. ಕೆಳಗಿನವನು ದಂಡೆ ಕಟ್ಟಿ ಆ ನೀರನ್ನು ಮೇಲಕ್ಕೆ ತಡೆಯಬಾರದು. ಮೇಲಿನವನು ತನ್ನ ಬಸಿಗಾಲುವೆಗಳನ್ನೆಲ್ಲ ಒಂದು ಮೂಲೆಗೆ ತಿರುಗಿಸಿ ಕೆಳಗಿನವನ ದರೆ ಕುಸಿಯುವಂತೆ ಒಮ್ಮೆಗೇ ಬಿಡಬಾರದು. ಇಬ್ಬರೂ ಕೂಡಿ ಒಂದು ಕಾಲುವೆ ತೆಗೆದರೆ ಖರ್ಚು ಅರ್ಧ, ನೆಮ್ಮದಿ ಇಮ್ಮಡಿ.

ಎಲೆಕ್ಟ್ರಾನಿಕ್ ಸಿಟಿ: ಕಾಗದ ಸರಿಯಿಲ್ಲದವರ ಪಾಡು

ಹೊಸೂರು ರಸ್ತೆಯ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ 1978ರಲ್ಲಿ ಆರಂಭವಾಯಿತು. ಕಿಯೋನಿಕ್ಸ್ ಸಂಸ್ಥೆಯ ಆರ್.ಕೆ. ಬಾಳಿಗರ ಕನಸು ಅದು. ಅಂದು ನಗರದಿಂದ ಅಷ್ಟು ದೂರದ ಹೊಲಗಳಲ್ಲಿ ಇಂಥ ಪಟ್ಟಣ ಏಳುತ್ತದೆಂದು ನಂಬಿದವರು ಕಡಿಮೆ. ಮುಂದೆ ಸುತ್ತಲಿನ ಹಳ್ಳಿಗಳ ಜಮೀನಿಗೂ ಬೆಲೆ ಬಂತು.

ಬೆಲೆ ಬಂದ ದಿನ ಎಲ್ಲರೂ ಹುಡುಕುವುದು ಕಾಗದವನ್ನು. ಕೈಗಾರಿಕೆಗೆಂದು 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯಂತೆ ಭೂಮಿ ವಶಪಡಿಸಿಕೊಂಡಾಗ ಪರಿಹಾರ ಹೋಗುವುದು ದಾಖಲೆಯಲ್ಲಿ ಹೆಸರಿರುವವರಿಗೆ. ತಾತನ ಹೆಸರಿನಲ್ಲೇ ಉಳಿದ ಖಾತೆ, ಬಾಯಿಮಾತಿನಲ್ಲಿ ಮುಗಿದ ಅಣ್ಣತಮ್ಮಂದಿರ ಪಾಲು, ಪೋಡಿಯಾಗದ ಜಂಟಿ ಪಹಣಿ ಇರುವ ಮನೆಗಳಲ್ಲಿ ಹಣ ಬರುವ ಮೊದಲು ವ್ಯಾಜ್ಯ ಬರುತ್ತದೆ. ನಿನ್ನೆಯವರೆಗೆ ಬದುವಿನ ಮೇಲೆ ಕೂತು ಒಟ್ಟಿಗೆ ಊಟ ಮಾಡಿದವರು ವಕೀಲರ ಮೂಲಕ ಮಾತನಾಡುವಂತಾಗುತ್ತದೆ.

ನಮ್ಮ ತೋಟಗಳಲ್ಲಿ ಈ ಸ್ಥಿತಿ ಇಲ್ಲವೆಂದು ಯಾರೂ ಎದೆ ತಟ್ಟಿ ಹೇಳಲಾರರು. ಆದುದರಿಂದ ಬೇಲಿಗೆ ಕಲ್ಲುಕಂಬ ತರಿಸುವ ಮೊದಲು ಕಾಗದದ ಬೇಲಿ ಗಟ್ಟಿ ಮಾಡಿಕೊಳ್ಳುವುದು ಅವಶ್ಯ.

ಪಹಣಿಯಲ್ಲಿ ವಿಸ್ತೀರ್ಣ ಸಿಗುತ್ತದೆ. ಜಮೀನಿನ ಆಕಾರ ಸಿಗುವುದಿಲ್ಲ. ಆಕಾರ ತಿಳಿಯಬೇಕಾದರೆ ಸರ್ವೆ ಇಲಾಖೆಯ ಟಿಪ್ಪಣಿ, ಆಕಾರ್‌ಬಂದ್, ಹಿಸ್ಸಾ ನಕ್ಷೆಗಳನ್ನು ನೋಡಬೇಕು. ಕ್ರಯಪತ್ರದ ಚಕ್ಕುಬಂದಿಯಲ್ಲಿ 'ಪೂರ್ವಕ್ಕೆ ಇಂಥವರ ತೋಟ' ಎಂದಿದ್ದರೆ ಅದು ದಿಕ್ಕು ತಿಳಿಸುತ್ತದೆಯೇ ಹೊರತು ಗಡಿಯ ಅಳತೆ ತಿಳಿಸದು. ತಂದೆ ತೀರಿಕೊಂಡಿದ್ದರೆ ಪೌತಿ ಖಾತೆ ಮಾಡಿಸಬೇಕು. ಪಾಲಾಗಿದ್ದರೆ ಪೋಡಿ ದುರಸ್ತಿ ಮಾಡಿಸಬೇಕು. ಒಂದು ಸರ್ವೆ ನಂಬರಿನ ಭಾಗವನ್ನಷ್ಟೇ ಮಾರುವಾಗ 11ಇ ನಕ್ಷೆ ಬೇಕಾಗುತ್ತದೆ. ಕೊಳ್ಳುವವರು ಆ ನಕ್ಷೆಯನ್ನು ಕೈಯಲ್ಲಿ ಹಿಡಿದು ಜಾಗದ ಮೇಲೆ ನಡೆದು ನೋಡಬೇಕು.

ಗಡಿ ಗೊತ್ತಾಗದಿದ್ದರೆ ಹದ್ದುಬಸ್ತಿಗೆ ಅರ್ಜಿ ಕೊಡಿ. ಭೂಮಾಪಕರು ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟೀಸು ಕೊಟ್ಟು ಅಳೆಯುತ್ತಾರೆ. ನಿಮಗೆ ನೆರೆಯವರಿಂದ ಅಂಥ ನೋಟೀಸು ಬಂದರೆ ಸಿಟ್ಟಾಗಬೇಡಿ, ಸಹಿ ಹಾಕಲು ನಿರಾಕರಿಸಬೇಡಿ. ಅಂದು ಮನೆಯ ಹಿರಿಯರೊಬ್ಬರು ಸ್ಥಳದಲ್ಲಿರಲಿ. ಹಳೆಯ ಬಾಂದು ಕಲ್ಲು ಎಲ್ಲಿ ಹೂತಿದೆಯೆಂದು ಅವರಿಗಷ್ಟೇ ಗೊತ್ತಿರುತ್ತದೆ. ಬಾಂದು ಕಲ್ಲುಗಳನ್ನು ಕಾಪಾಡುವ ಹೊಣೆ ಜಮೀನುದಾರನದೇ. ಅದನ್ನು ಕಿತ್ತರೆ, ಸರಿಸಿದರೆ ದಂಡವುಂಟು.

ಎರಡು ಅಡಿಯ ಲೆಕ್ಕ

ಇಲ್ಲಿ ನನ್ನದೇ ಒಂದು ಅನುಭವ ಹೇಳುವುದು ಅಪ್ರಸ್ತುತವಾಗದು. ನಮ್ಮ ತೋಟಕ್ಕೂ ಪಕ್ಕದವರ ತೋಟಕ್ಕೂ ನಡುವೆ ಐದು ಸರಪಳಿ, ಅಂದರೆ 330 ಅಡಿ ಉದ್ದದ ಗಡಿ. ಒಂದು ಬೇಸಿಗೆಯಲ್ಲಿ ಅವರು ಹಳೆಯ ಮರದ ಕಂಬ ತೆಗೆಸಿ ಕಲ್ಲುಕಂಬ ನೆಡಿಸಿದರು. ಕಂಬ ಎರಡು ಅಡಿ ನಮ್ಮ ಕಡೆಗೆ ಬಂದಿದೆಯೆಂದು ನನಗೆ ತೋರಿತು. ಹೋಗಿ ಕೇಳಲಿಲ್ಲ. ವಕೀಲರ ನೋಟೀಸು ಕೊಡಿಸಿದೆ.

ಏಳು ವರ್ಷ ನಡೆಯಿತು. ಎರಡು ಅಡಿಯಂತೆ 330 ಅಡಿಗೆ 660 ಚದರ ಅಡಿ. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, 1,089 ಚದರ ಅಡಿ. ಅಂದರೆ ವ್ಯಾಜ್ಯವೆಲ್ಲ ಮುಕ್ಕಾಲು ಗುಂಟೆಗೂ ಕಡಿಮೆ ಜಾಗಕ್ಕೆ. ಒಂಬತ್ತು ಅಡಿ ಅಂತರದಲ್ಲಿ ಅಡಿಕೆ ನೆಟ್ಟರೆ ಎಂಟು ಮರದ ಜಾಗ. ಆ ಎಂಟು ಮರ ಜೀವಮಾನವಿಡೀ ಕೊಟ್ಟರೂ ನನ್ನ ಓಡಾಟದ ಖರ್ಚು ಹುಟ್ಟುತ್ತಿರಲಿಲ್ಲ.

ಖರ್ಚು ಹೋಗಲಿ. ಆ ಏಳು ವರ್ಷ ಎರಡು ಮನೆಗಳ ನಡುವೆ ಮಾತಿರಲಿಲ್ಲ. ಮೊದಲು ಔಷಧಿ ಹೊಡೆಯುವ ಆಳುಗಳನ್ನು ಒಟ್ಟಿಗೆ ಕರೆಸುತ್ತಿದ್ದೆವು, ಅದು ನಿಂತಿತು. ಒಂದು ಮಳೆಗಾಲ ಅವರ ತೋಟದ ಕೆಳಗಿನ ಭಾಗದಲ್ಲಿ ಕೊಳೆ ಕಾಣಿಸಿಕೊಂಡದ್ದು ನನ್ನ ಕಣ್ಣಿಗೆ ಬಿತ್ತು. ಹೇಳಬೇಕೆನ್ನಿಸಿತು, ಹೇಳಲಿಲ್ಲ. ಹದಿನೈದು ದಿನದಲ್ಲಿ ಅದು ನನ್ನ ತೋಟಕ್ಕೂ ಬಂತು. ಅವರ ತಾಯಿ ತೀರಿಕೊಂಡ ದಿನ ನಾನು ಬೇಲಿಯ ಈಚೆ ನಿಂತು ಹೊಗೆ ನೋಡಿದೆ. ಚಿಕ್ಕಂದಿನಲ್ಲಿ ನನಗೆ ಊಟ ಬಡಿಸಿದ ಕೈ ಅದು.

ಕೊನೆಗೆ ಸ್ಥಳ ಅಳೆದಾಗ ತಿಳಿದದ್ದು ಇಷ್ಟು. ಕೆಳಗಿನ ತುದಿಯಲ್ಲಿ ಅವರು ನಮ್ಮ ಕಡೆ ಎರಡು ಅಡಿ ಬಂದಿದ್ದರು. ಮೇಲಿನ ತುದಿಯಲ್ಲಿ ನಾವು ಅವರ ಕಡೆ ಒಂದೂವರೆ ಅಡಿ ಹೋಗಿದ್ದೆವು, ಅದೂ ನನ್ನ ತಂದೆಯ ಕಾಲದಿಂದ. ಭೂಮಾಪಕರು ಸರಪಳಿ ಮಡಿಸುತ್ತಾ ನಕ್ಕುಬಿಟ್ಟರು. ನೆರೆಯವರು ನನ್ನ ಮುಖ ನೋಡಿ, "ಗೌಡ್ರೇ, ಇದನ್ನು ಅವತ್ತೇ ಕೂತು ಅಳೆದಿದ್ದರೆ ಆಗ್ತಿರಲಿಲ್ವೇ?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಲೋಕ ಅದಾಲತ್ತಿನಲ್ಲಿ ರಾಜಿಯಾಯಿತು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ನಾನು ಕೇಳದೆ ಇದ್ದವನಲ್ಲ. ನನಗೆ ಅನ್ವಯಿಸದೆಂದು ತಿಳಿದಿದ್ದೆ, ಅಷ್ಟೆ.

ಪೀಣ್ಯ: ಬೇಲಿ ದಾಟುವ ನೀರು

ತುಮಕೂರು ರಸ್ತೆಯ ಪೀಣ್ಯ ಕೈಗಾರಿಕಾ ಪ್ರದೇಶ ಸಾವಿರಾರು ಸಣ್ಣ ಕಾರ್ಖಾನೆಗಳ ನೆಲೆ. ಯಂತ್ರದ ಬಿಡಿಭಾಗದಿಂದ ಸಿದ್ಧ ಉಡುಪಿನವರೆಗೆ ಅಲ್ಲಿ ತಯಾರಾಗದ ವಸ್ತುವಿಲ್ಲ. ಲೋಹಕ್ಕೆ ಲೇಪನ ಕೊಡುವ ಘಟಕಗಳೂ ಅಲ್ಲಿ ಬಹಳ. ಪ್ರತಿ ಕಾರ್ಖಾನೆಗೂ ಎತ್ತರದ ಕಾಂಪೌಂಡು, ಕಬ್ಬಿಣದ ಗೇಟು, ಕಾವಲುಗಾರ ಇದ್ದಾರೆ. ಆದರೂ ಅಲ್ಲಿನ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ನೆಲದ ಮೇಲೆ ಗೋಡೆ ಎಷ್ಟೇ ಎತ್ತರವಿರಲಿ, ನೆಲದ ಕೆಳಗೆ ಎಲ್ಲರದೂ ಒಂದೇ ಬಾವಿ.

ಕಾಫಿ ಬೆಳೆಗಾರರು ಇಲ್ಲಿ ತಮ್ಮ ಪಲ್ಪಿಂಗ್ ನೀರನ್ನು ನೆನೆಯಬೇಕು. ಹಣ್ಣು ಸಿಪ್ಪೆ ಸುಲಿದು ಬೀಜ ತೊಳೆದ ನೀರು ಹುಳಿಯಾಗಿರುತ್ತದೆ. ಸಕ್ಕರೆ, ಲೋಳೆ ತುಂಬಿರುತ್ತದೆ. ಹಳ್ಳಕ್ಕೆ ಬಿಟ್ಟರೆ ಅದು ಕೊಳೆಯುತ್ತಾ ನೀರಿನ ಆಮ್ಲಜನಕವನ್ನು ಹೀರಿ ಮೀನು ಸಾಯುತ್ತದೆ. ಕೆಳಗಿನ ಊರಿನವರ ಬಾವಿ, ದನಕರುಗಳ ಕುಡಿಯುವ ನೀರು ಕೆಡುತ್ತದೆ. ಪಲ್ಪಿಂಗ್ ನೀರನ್ನು ಹೊಂಡಗಳಲ್ಲಿ ನಿಲ್ಲಿಸಿ, ಸುಣ್ಣ ಬೆರೆಸಿ, ತಿಳಿಗೊಳಿಸಿದ ಮೇಲೆ ತೋಟದೊಳಗೇ ಬಳಸುವುದು ಉತ್ತಮ. ಹೊಂಡ ಬಾವಿಗಳಿಂದ ದೂರವಿರಬೇಕು. ಸಂಸ್ಕರಿಸದ ನೀರನ್ನು ಹಳ್ಳಕ್ಕೆ ಬಿಡುವುದು 1974ರ ಜಲ ಮಾಲಿನ್ಯ ನಿಯಂತ್ರಣ ಕಾಯಿದೆಗೆ ವಿರುದ್ಧ. ಕಾಯಿದೆ ಇಲ್ಲದಿದ್ದರೂ ಅದು ನೆರೆಯವನ ಬಿಂದಿಗೆಗೆ ಉಗುಳಿದಂತೆಯೇ ಸರಿ.

ರೋಗ, ಕೀಟಗಳ ವಿಷಯವೂ ಹೀಗೆಯೇ. ಅರೇಬಿಕಾ ಗಿಡದ ಬಿಳಿ ಕಾಂಡಕೊರಕ ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರ್ ಅವಧಿಯಲ್ಲಿ ಹೊರಬಂದು ಹಾರುತ್ತದೆ. ಅದಕ್ಕೆ ಮುಂಚೆ ಹುಳು ಬಿದ್ದ ಗಿಡ ಗುರುತಿಸಿ ಕಿತ್ತು ಸುಡಬೇಕು. ಒಬ್ಬರು ಸುಟ್ಟು ಪಕ್ಕದವರು ಬಿಟ್ಟರೆ ಸುಟ್ಟವರ ಶ್ರಮ ವ್ಯರ್ಥ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಂಡ ಕಾಯಿಕೊರಕ ಇಂದು ನಮ್ಮೆಲ್ಲರ ಸಮಸ್ಯೆ. ಗಿಡದಲ್ಲಿ, ನೆಲದಲ್ಲಿ ಉಳಿದ ಕಾಯಿಯೇ ಅದರ ಮನೆ. ಅಡಿಕೆಗೆ ಶೇಕಡಾ ಒಂದರ ಬೋರ್ಡೋ ದ್ರಾವಣವನ್ನು, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೆರೆಸಿದ್ದನ್ನು, ಮಳೆ ಹಿಡಿಯುವ ಮೊದಲು ಇಡೀ ಕಣಿವೆಯವರು ಒಂದೇ ವಾರದಲ್ಲಿ ಹೊಡೆದರೆ ಸಿಗುವ ಫಲ ಬಿಡಿ ಬಿಡಿಯಾಗಿ ಹೊಡೆದರೆ ಸಿಗದು.

ಊರಲ್ಲಿ ಇಲ್ಲದ ನೆರೆಯವರು

ಈಗ ನೆರೆತೋಟದ ಮಾಲೀಕ ಪಕ್ಕದ ಮನೆಯಲ್ಲಿಲ್ಲ, ಎಲೆಕ್ಟ್ರಾನಿಕ್ ಸಿಟಿಯಲ್ಲಿದ್ದಾನೆ. ಅವನ ತೋಟ ರೈಟರ ಅಥವಾ ಗೇಣಿಯವರ ಕೈಯಲ್ಲಿದೆ. ಅವನಿಗೆ ಕೊರಕ ಬಿದ್ದದ್ದು ತಿಳಿಯದು, ಮರ ಬೇಲಿಯ ಮೇಲೆ ಬಿದ್ದದ್ದೂ ತಿಳಿಯದು. ಅಂಥವರ ಮೇಲೆ ಬೇಸರಪಟ್ಟು ಪ್ರಯೋಜನವಿಲ್ಲ. ಅವರ ಫೋನ್ ನಂಬರು ಇಟ್ಟುಕೊಂಡು ವರ್ಷಕ್ಕೆ ನಾಲ್ಕು ಬಾರಿಯಾದರೂ ಮಾತನಾಡಿ. ಕೊರಕ ಬಿದ್ದ ಗಿಡದ ಫೋಟೋ ಕಳಿಸಿ. "ತಮ್ಮಾ, ನಿನ್ನ ಕೆಳಗಿನ ಪಟ್ಟೆಯಲ್ಲಿ ಇಷ್ಟು ಗಿಡ ಹೋಗಿದೆ, ನಮ್ಮ ಆಳುಗಳೇ ಇದ್ದಾರೆ, ಕಿತ್ತು ಹಾಕಿಸಲೇ?" ಎಂದು ಕೇಳಿದರೆ ಬೇಡವೆನ್ನುವವರು ವಿರಳ.

ಪಟ್ಟಣದಲ್ಲಿರುವ ಮಕ್ಕಳಿಗೂ ಒಂದು ಮಾತು. ವರ್ಷಕ್ಕೊಮ್ಮೆ ಹಬ್ಬಕ್ಕೆ ಬಂದಾಗ ತಂದೆಯ ಜೊತೆ ಗಡಿಯ ಸುತ್ತ ನಡೆದು ಬನ್ನಿ. ಬಾಂದು ಕಲ್ಲು ಎಲ್ಲಿದೆ, ಯಾರಿಗೆ ದಾರಿ ಬಿಟ್ಟಿದ್ದೇವೆ, ಯಾವ ಮಾತಿನ ಮೇಲೆ ಬಿಟ್ಟಿದ್ದೇವೆ ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಿ. ಆ ಜ್ಞಾನ ಯಾವ ಕಂಪ್ಯೂಟರಿನಲ್ಲೂ ದಾಖಲಾಗಿಲ್ಲ.

ದಾರಿಯ ಪ್ರಶ್ನೆ

ಬೇಲಿಗಿಂತ ಹೆಚ್ಚು ಮನಸ್ತಾಪ ತರುವುದು ದಾರಿ. ನಕ್ಷೆಯಲ್ಲಿ ಗುರುತಿಸಿದ ದಾರಿ ಸಾರ್ವಜನಿಕ. ಅದನ್ನು ಯಾರೂ ಮುಚ್ಚುವಂತಿಲ್ಲ, ಮುಚ್ಚಿದರೆ ತಹಸೀಲ್ದಾರರಿಗೆ ಅರ್ಜಿ ಕೊಡಬಹುದು. ನಕ್ಷೆಯಲ್ಲಿ ಇಲ್ಲದ ದಾರಿಗಳದ್ದೇ ತೊಡಕು. ಇವನ್ನು ಮೂರು ಬಗೆಯಾಗಿ ತಿಳಿಯಬಹುದು.

ಮೊದಲನೆಯದು, ಅನಿವಾರ್ಯ ದಾರಿ. ಒಂದೇ ಜಮೀನು ಪಾಲಾದಾಗ ಅಥವಾ ಅದರ ಭಾಗ ಮಾರಾಟವಾದಾಗ, ಒಳಗಿನ ತುಂಡಿಗೆ ಬೇರೆ ದಾರಿಯೇ ಇಲ್ಲದಿದ್ದರೆ ಹೊರಗಿನ ತುಂಡಿನ ಮೂಲಕ ಹೋಗುವ ಹಕ್ಕು ಇರುತ್ತದೆ. ಬೇರೆ ದಾರಿ ದೊರೆತ ದಿನ ಆ ಹಕ್ಕು ಮುಗಿಯುತ್ತದೆ.

ಎರಡನೆಯದು, ರೂಢಿಯಿಂದ ಬಂದ ದಾರಿ. ಬಹಿರಂಗವಾಗಿ, ಶಾಂತಿಯಿಂದ, ಅಡ್ಡಿಯಿಲ್ಲದೆ, ಹಕ್ಕೆಂಬ ಭಾವನೆಯಿಂದ 20 ವರ್ಷ ಬಳಸಿದ ದಾರಿಗೆ ಕಾನೂನು ಹಕ್ಕು ಕೊಡುತ್ತದೆ. ಸರ್ಕಾರಿ ಜಮೀನಾದರೆ 30 ವರ್ಷ. ಯಾರಾದರೂ ಅಡ್ಡಿಪಡಿಸಿದರೆ ಎರಡು ವರ್ಷದೊಳಗೆ ದಾವೆ ಹೂಡಬೇಕು.

ಮೂರನೆಯದು, ಅನುಮತಿಯ ದಾರಿ. "ನಮ್ಮ ಕಣದ ಪಕ್ಕದಲ್ಲೇ ಜೀಪು ತನ್ನಿ, ಅದಕ್ಕೇನು" ಎಂದು ಸ್ನೇಹದಿಂದ ಬಿಟ್ಟದ್ದು. ಇದು ಎಷ್ಟು ವರ್ಷವಾದರೂ ಹಕ್ಕಾಗುವುದಿಲ್ಲ.

ಈ ಎರಡನೆಯ, ಮೂರನೆಯ ದಾರಿಗಳ ವ್ಯತ್ಯಾಸ ತಿಳಿಯದೆ ಎಷ್ಟೋ ಒಳ್ಳೆಯ ಸಂಬಂಧ ಹಾಳಾಗಿದೆ. ಎಲ್ಲಿ ಹಕ್ಕಾಗಿಬಿಡುತ್ತದೋ ಎಂಬ ಭಯದಿಂದ ಜನ ಇದ್ದಕ್ಕಿದ್ದಂತೆ ಗೇಟು ಹಾಕುತ್ತಾರೆ. ಅದರ ಬದಲು ಒಂದು ಹಾಳೆಯಲ್ಲಿ 'ಇಂಥವರಿಗೆ ಇಂಥ ಜಾಗದಲ್ಲಿ ಇಂಥ ಕೆಲಸಕ್ಕೆ ಅನುಮತಿಯಿಂದ ಓಡಾಡಲು ಬಿಟ್ಟಿದೆ' ಎಂದು ಬರೆದು ಇಬ್ಬರೂ ಸಹಿ ಮಾಡಿದರೆ ಬಿಟ್ಟವನಿಗೆ ಭಯವಿಲ್ಲ, ಓಡಾಡುವವನಿಗೆ ನಾಚಿಕೆಯಿಲ್ಲ. ಖಾಯಂ ಹಕ್ಕೇ ಬೇಕಾದರೆ ಬೆಲೆ ಕೊಟ್ಟು ನೋಂದಾಯಿಸಿಕೊಳ್ಳುವುದು ಸರಿಯಾದ ಮಾರ್ಗ.

ಖಾಸಗಿ ಜಮೀನನ್ನು ಮಾಲೀಕನಿಗೆ ವಿರುದ್ಧವಾಗಿ 12 ವರ್ಷ ಬಹಿರಂಗವಾಗಿ ಅನುಭವಿಸಿದರೆ ಮಾಲೀಕ ದಾವೆಯ ಅವಕಾಶ ಕಳೆದುಕೊಳ್ಳಬಹುದು. ಊರು ಬಿಟ್ಟವರು ಇದನ್ನು ನೆನಪಿಡಬೇಕು. ಕುಮ್ಕಿ, ಬಾಣೆ, ಸೊಪ್ಪಿನಬೆಟ್ಟಗಳಲ್ಲಿ ನಮಗಿರುವುದು ಸೊಪ್ಪು, ಸೌದೆ ಮುಂತಾದ ಸವಲತ್ತು ಮಾತ್ರವಾಗಿದ್ದಲ್ಲಿ ಬೇಲಿ ಹಾಕಿದ ಮಾತ್ರಕ್ಕೆ ಅದು ಹಿಡುವಳಿಯಾಗದು ಎಂಬುದನ್ನೂ ಮರೆಯಬಾರದು.

ಬೇಲಿ ಹಾಕುವವರಿಗೆ ಕೆಲವು ಸೂಚನೆಗಳು

1. ಕೂಡು ಬೇಲಿಯಾದರೆ ಗಡಿಯ ಗೆರೆಯ ಮೇಲೆಯೇ ಹಾಕಿ, ಖರ್ಚು ಯಾರು ಎಷ್ಟು, ದುರಸ್ತಿ ಯಾರದು ಎಂದು ಬರೆದುಕೊಳ್ಳಿ. ಒಬ್ಬರೇ ಹಾಕುವುದಾದರೆ ಒಂದಡಿ ನಿಮ್ಮ ಒಳಕ್ಕೆ ಹಾಕಿ. ಆದರೆ ನಿಜವಾದ ಗಡಿಯಲ್ಲಿ ಬಾಂದು ಕಲ್ಲು ಕಾಣುವಂತಿರಲಿ.

2. ಅಗಳು ತೆಗೆಯುವಾಗ ಮಣ್ಣನ್ನು ನಿಮ್ಮ ಕಡೆಗೇ ಹಾಕಿ. ಗಡಿಗೆ ಅಂಟಿಕೊಂಡು ಆಳವಾಗಿ ತೆಗೆದು ಮಳೆಗಾಲದಲ್ಲಿ ಪಕ್ಕದವರ ದರೆ ಕುಸಿದರೆ ನಷ್ಟಕ್ಕೆ ನೀವು ಹೊಣೆ.

3. ಗ್ಲಿರಿಸಿಡಿಯಾದಂಥ ಜೀವಂತ ಬೇಲಿಯಿಂದ ಇಬ್ಬರಿಗೂ ಹಸಿರೆಲೆ ಗೊಬ್ಬರ ಸಿಗುತ್ತದೆ. ವರ್ಷಕ್ಕೊಮ್ಮೆ ಸವರುವ ದಿನವನ್ನು ಒಟ್ಟಿಗೆ ಗೊತ್ತುಮಾಡಿ.

4. ಸೋಲಾರ್ ಬೇಲಿ, ನಮ್ಮಲ್ಲಿ ಐಬೆಕ್ಸ್ ಎನ್ನುವುದು, ಬ್ಯಾಟರಿಯಿಂದ ಕ್ಷಣಮಾತ್ರದ ಹೊಡೆತ ಕೊಟ್ಟು ಪ್ರಾಣಿಯನ್ನು ಹೆದರಿಸುತ್ತದೆ. ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಡುವುದು ಕೊಲೆಗೆ ಸಮಾನ. ಹಂದಿಗೆಂದು ಕೊಟ್ಟ ಕರೆಂಟಿಗೆ ನೆರೆಯವರ ಮಗು ಸಿಕ್ಕಬಹುದು, ಆನೆ ಸಿಕ್ಕಬಹುದು, ಜೈಲು ತಪ್ಪದು. ಸೋಲಾರ್ ಬೇಲಿಗೂ ಎಚ್ಚರಿಕೆಯ ಫಲಕ ಹಾಕಿ, ನೆರೆಯವರಿಗೆ ಮೊದಲೇ ತಿಳಿಸಿ.

5. ಕಾಲುದಾರಿ ಇರುವಲ್ಲಿ ತಡಮೆ ಬಿಡಿ. ದನ ಬಾರದು, ಜನ ದಾಟುತ್ತಾರೆ.

6. ನೆರೆಯವರ ದನ ತೋಟಕ್ಕೆ ನುಗ್ಗಿದರೆ ಹೊಡೆಯಬೇಡಿ, ಮನೆಯಲ್ಲಿ ಕಟ್ಟಿಹಾಕಿಕೊಳ್ಳಬೇಡಿ. ಮೊದಲು ಮನೆಯವರನ್ನು ಕರೆದು ತೋರಿಸಿ. ಮತ್ತೆ ಮತ್ತೆ ಆದರೆ ದೊಡ್ಡಿಗೆ ಒಪ್ಪಿಸುವ ಕ್ರಮವಿದೆ.

7. ಗಡಿಯ ಮರ ಕಡಿಯುವ ಮೊದಲು ಪಕ್ಕದವರ ತೋಟ ನೋಡಿ. ಅವರ ಅಡಿಕೆಗೆ ನೈಋತ್ಯದ ಬಿಸಿಲು ತಡೆಯುತ್ತಿರುವುದು ನಿಮ್ಮ ಮರವೇ ಇರಬಹುದು. ಹಠಾತ್ತಾಗಿ ಕಡಿದರೆ ಅವರ ಮರದ ಕಾಂಡ ಬೆಂದು ಸೀಳುತ್ತದೆ. ಆ ನೆರಳಿನ ಮೇಲೆ ಅವರಿಗೆ ಕಾನೂನಿನ ಹಕ್ಕಿಲ್ಲದಿರಬಹುದು. ಒಂದು ವರ್ಷ ಮುಂಚೆ ಹೇಳಿದರೆ ಅವರು ಬೇರೆ ಏರ್ಪಾಡು ಮಾಡಿಕೊಳ್ಳುತ್ತಾರೆ. ಸಿಲ್ವರ್ ಓಕ್‌ನಂಥ ಕೆಲವು ಜಾತಿ ಬಿಟ್ಟು ಉಳಿದ ಮರಗಳಿಗೆ 1976ರ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಅರಣ್ಯ ಇಲಾಖೆಯ ಅನುಮತಿ ಬೇಕು.

8. ಮಾತಿನಿಂದ ಬಗೆಹರಿಯದಿದ್ದರೆ ಇಬ್ಬರಿಗೂ ಬೇಕಾದ ಹಿರಿಯರನ್ನು ಕೂರಿಸಿ. ಅಲ್ಲೂ ಆಗದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಲೋಕ ಅದಾಲತ್ತಿನ ರಾಜಿ ತೀರ್ಪಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ. ಅದರ ಮೇಲೆ ಅಪೀಲು ಇಲ್ಲ. ದಾರಿ, ನೀರಿನ ಜಗಳ ಕೈ ಮೀರುವಂತಿದ್ದರೆ 2023ರ ನಾಗರಿಕ ಸುರಕ್ಷಾ ಸಂಹಿತೆಯ 166ನೇ ಪ್ರಕರಣದಂತೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಮಧ್ಯೆ ಬರಬಹುದು. ಸಿವಿಲ್ ದಾವೆ ಕೊನೆಯ ಮಾತಾಗಲಿ.

ಕೊನೆಯ ಮಾತು

ವೈಟ್‌ಫೀಲ್ಡಿನ ದೊಡ್ಡ ಬಡಾವಣೆಗಳಲ್ಲಿ ಪಕ್ಕದ ಮನೆಯವರ ಹೆಸರು ತಿಳಿಯದೆ ವರ್ಷಗಟ್ಟಲೆ ಬದುಕಬಹುದು. ಅಲ್ಲಿ ಕಾವಲಿಗೆ ಸಂಬಳದವರಿದ್ದಾರೆ, ನೀರಿಗೆ ಟ್ಯಾಂಕರ್ ಇದೆ. ತೋಟದಲ್ಲಿ ಅದು ಸಾಧ್ಯವಿಲ್ಲ. ರಾತ್ರಿ ಹಾವು ಕಚ್ಚಿದಾಗ ಜೀಪು ತರುವವನು ಪಕ್ಕದ ತೋಟದವನು. ಕಣದಲ್ಲಿ ಕಾಫಿ ಹರಡಿದ್ದಾಗ ಅಕಾಲದ ಮಳೆ ಬಂದರೆ ಟಾರ್ಪಾಲಿನ ಇನ್ನೊಂದು ತುದಿ ಹಿಡಿಯುವವನೂ ಅವನೇ.

ಬೇಲಿ ಬೇಕು. ಗಡಿ ಗೊತ್ತಿದ್ದರೆ ಮನಸ್ಸು ಹಗುರ. ಆದರೆ ಕಂಬ ನೆಡುವ ದಿನ ಬೆಳಗ್ಗೆ ಆಳುಗಳಿಗೆ ಕಾಫಿ ಕಾಯಿಸುವಾಗ ಒಂದು ಲೋಟ ಹೆಚ್ಚು ಕಾಯಿಸಿ, ಪಕ್ಕದವರನ್ನು ಕರೆದು, ಅವರ ಎದುರಿಗೇ ಹಗ್ಗ ಹಿಡಿದು ಅಳೆಯಿರಿ. ನಾನು ಏಳು ವರ್ಷ ತಡವಾಗಿ ಕಲಿತದ್ದನ್ನು ಸದಸ್ಯ ಬಾಂಧವರು ಈ ಬೇಸಿಗೆಯಲ್ಲೇ ಕಲಿಯಲೆಂದು ಇದನ್ನು ಬರೆದಿದ್ದೇನೆ.